ಮಿನಿಸರ್ಕಲ್ಲೋ, ನ್ಯಾನೋಪ್ಲಾಸ್ಮಿಡ್ಡೋ?

ಜೀವಕೋಶಕ್ಕೆ ಜೀನ್ ಒಯ್ಯಲು ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಡಿಎನ್‌ಎ ಉಂಗುರ, ಬಳಸುತ್ತಾರೆ. ಮಿನಿಸರ್ಕಲ್, ನ್ಯಾನೋಪ್ಲಾಸ್ಮಿಡ್ ಎರಡೂ ಅದರ ಚಿಕ್ಕ ರೂಪಗಳು. ಮಾಮೂಲಿ ಪ್ಲಾಸ್ಮಿಡ್ ಅಗ್ಗ. ಆದರೆ ಬೇಕಾದ ಜೀನ್ ಜೊತೆ ಬ್ಯಾಕ್ಟೀರಿಯಾದ ಸಾಮಾನೂ ಬರುತ್ತದೆ: ಆಂಟಿಬಯೋಟಿಕ್ ತಡೆಯುವ ಜೀನ್, ನಕಲು ಶುರುವಾಗುವ ಜಾಗ. ರೋಗಿಯ ಜೀವಕೋಶಕ್ಕೆ ಇವೆಲ್ಲ ಯಾಕೆ, ಅಲ್ವಾ? ಈ ಹೊರೆಯಿಂದಲೇ ಜೀನ್ ಬೇಗ ಮೌನವಾಗುವುದೂ, ಅಂದರೆ ಕೆಲಸ ನಿಲ್ಲಿಸುವುದೂ ಉಂಟು.

ಮಿನಿಸರ್ಕಲ್‌ನಲ್ಲಿ ಈ ಹೊರೆ ಹೆಚ್ಚುಕಡಿಮೆ ಪೂರ್ತಿ ಇಲ್ಲ. ಇಲಿಯ ಲಿವರ್‌ನಲ್ಲಿ ಅದರ ಜೀನ್ ಜಾಸ್ತಿ ದಿನ ಕೆಲಸ ಮಾಡಿದೆ. ತಲೆನೋವು ತಯಾರಿಕೆಯದು. ಬ್ಯಾಕ್ಟೀರಿಯಾದೊಳಗೆ ರಿಕಾಂಬಿನೇಸ್ ಎಂಬ, ಡಿಎನ್‌ಎ ಕತ್ತರಿಸಿ ಜೋಡಿಸುವ ಕಿಣ್ವ ದೊಡ್ಡ ಉಂಗುರವನ್ನು ಎರಡಾಗಿಸಬೇಕು: ಒಂದು ಜೀನ್ ಇರುವ ಮಿನಿಸರ್ಕಲ್, ಇನ್ನೊಂದು ಬ್ಯಾಕ್ಟೀರಿಯಾದ ಸಾಮಾನು. ಕತ್ತರಿಸದೆ ಉಳಿದ ಹಳೇ ಉಂಗುರಗಳನ್ನು ಆಮೇಲೆ ಬೇರ್ಪಡಿಸಬೇಕು.

ನ್ಯಾನೋಪ್ಲಾಸ್ಮಿಡ್‌ನದು ನಡುದಾರಿ. ಬ್ಯಾಕ್ಟೀರಿಯಾದ ಭಾಗ 500 ಬೇಸ್‌ಗಿಂತ (ಡಿಎನ್‌ಎ ಅಕ್ಷರ) ಕಡಿಮೆ. ಆಂಟಿಬಯೋಟಿಕ್ ಬೇಡ, ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾದ ಆಯ್ಕೆ ಸಕ್ಕರೆಯಲ್ಲೇ ನಡೆಯುತ್ತದೆ. ವಿಶೇಷ ಬ್ಯಾಕ್ಟೀರಿಯಾ ತಳಿ ಮಾತ್ರ ಬೇಕು. ಕ್ರಿಸ್ಪರ್ (ಜೀನ್ ತಿದ್ದುವ ತಂತ್ರ) ಬಳಸಿ ಟಿ ಕೋಶಕ್ಕೆ, ಅಂದರೆ ರೋಗನಿರೋಧಕ ಬಿಳಿ ರಕ್ತಕಣಕ್ಕೆ, ಉದ್ದದ ಜೀನ್ ಸೇರಿಸುವವರಿಗೆ ನಾನು ಹೇಳುವುದು ಇದನ್ನೇ. ಇಲಿಯ ಮೇಲಿನ ಸಣ್ಣ ಪ್ರಯೋಗಕ್ಕೆ ಮಿನಿಸರ್ಕಲ್ ಸಾಕು.