ಪಿಡಿಒದ ಮೂರು ಎರರ್ ಮೋಡ್: ಒಂದೇ ತಪ್ಪು, ಮೂರು ನಡವಳಿಕೆ

ಪಿಎಚ್‌ಪಿಯಲ್ಲಿ ಡೇಟಾಬೇಸ್ ಕೈಕೊಟ್ಟರೆ ಏನಾಗಬೇಕು ಅಂತ ಹೇಳಲು ಪಿಡಿಒದಲ್ಲಿ (ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಗಿರುವ ಎಕ್ಸ್‌ಟೆನ್ಷನ್) ಮೂರು ಮೋಡ್ ಇವೆ: ಸೈಲೆಂಟ್, ವಾರ್ನಿಂಗ್, ಎಕ್ಸೆಪ್ಷನ್. ಮೂರನ್ನೂ ಒಂದೇ ಕೋಡ್ ಮೇಲೆ, ಮೈಎಸ್‌ಕ್ಯೂಎಲ್ ಜೊತೆ ಓಡಿಸಿ ನೋಡಿದೆ. ತಪ್ಪು ಬೇಕಂತಲೇ ಇಟ್ಟದ್ದು. ಒಂದು ಟ್ರಾನ್ಸಾಕ್ಷನ್ (ಒಳಗಿನದೆಲ್ಲ ಆಗಬೇಕು, ಇಲ್ಲವೇ ಯಾವುದೂ ಆಗಬಾರದು), ಒಳಗೆ ಎರಡು ಇನ್ಸರ್ಟ್. ಮೊದಲನೆಯದು ಆರ್ಡರ್ ಟೇಬಲ್‌ಗೆ, ಅದು ಸರಿಯಾಗಿದೆ. ಎರಡನೆಯದು ಪೇಮೆಂಟ್ ಟೇಬಲ್‌ಗೆ, ಅದರ ರಸೀದಿ ನಂಬರ್ ಅಲ್ಲಿ ಆಗಲೇ ಇದೆ, ಆ ಕಾಲಮ್ ಯೂನೀಕ್, ಅಂದರೆ ಒಂದೇ ನಂಬರ್ ಎರಡು ಸಲ ಬರುವಂತಿಲ್ಲ. ಕೊನೆಯಲ್ಲಿ ಕಮಿಟ್, ಅಂದರೆ ಬದಲಾವಣೆಗಳನ್ನು ಖಾಯಂ ಮಾಡುವುದು.

ಸೈಲೆಂಟ್‌ನಲ್ಲಿ ಸ್ಕ್ರೀನ್ ಮೇಲೂ ಏನಿಲ್ಲ, ಲಾಗ್‌ನಲ್ಲೂ ಏನಿಲ್ಲ. ಎರಡನೇ ಎಕ್ಸಿಕ್ಯೂಟ್ ಫಾಲ್ಸ್ ಕೊಟ್ಟು ಸುಮ್ಮನಾಯಿತು. ಕೋಡ್ ಮುಂದೆ ಹೋಗಿ ಕಮಿಟ್ ಮಾಡಿತು. ಟೇಬಲ್ ತೆರೆದರೆ ಆರ್ಡರ್ ಇದೆ, ಪೇಮೆಂಟ್ ಇಲ್ಲ. ಟ್ರಾನ್ಸಾಕ್ಷನ್ ಹಾಕಿದ್ದೇ ಹೀಗಾಗಬಾರದು ಅಂತ ಅಲ್ವಾ? ಎರರ್‌ಇನ್ಫೋ ಕರೆದು ಕೇಳಿದರೆ ಮಾತ್ರ 23000 (ಎಸ್‌ಕ್ಯೂಎಲ್‌ನ ಸಾಮಾನ್ಯ ಎರರ್ ಕೋಡ್), 1062 (ಮೈಎಸ್‌ಕ್ಯೂಎಲ್‌ನ ಸ್ವಂತ ಕೋಡ್), ಡುಪ್ಲಿಕೇಟ್ ಎಂಟ್ರಿ ಅಂತ ಬಾಯಿ ಬಿಡುತ್ತದೆ. ಅಂದರೆ ಪ್ರತಿ ಕ್ವೆರಿ ಆದಮೇಲೂ ಇಫ್ ಬರೆಯಬೇಕು. ದೊಡ್ಡ ಪ್ರಾಜೆಕ್ಟ್‌ನಲ್ಲಿ ಒಂದಾದರೂ ಬಿಟ್ಟುಹೋಗುತ್ತದೆ.

ವಾರ್ನಿಂಗ್ ಸ್ವಲ್ಪ ವಾಸಿ. ಫೈಲ್ ಹೆಸರು, ಸಾಲಿನ ನಂಬರ್ ಸಮೇತ ಲಾಗ್‌ಗೆ ಒಂದು ಸಾಲು ಬಿತ್ತು. ಆದರೆ ಸ್ಕ್ರಿಪ್ಟ್ ನಿಲ್ಲಲಿಲ್ಲ. ಕಮಿಟ್ ಆಯಿತು, ಅದೇ ಅರ್ಧಂಬರ್ಧ ಡೇಟಾ.

ಎಕ್ಸೆಪ್ಷನ್‌ನಲ್ಲಿ ಕೋಡ್ ಎರಡನೇ ಇನ್ಸರ್ಟ್‌ನಿಂದ ನೇರ ಕ್ಯಾಚ್‌ಗೆ (ಎಕ್ಸೆಪ್ಷನ್ ಹಿಡಿಯುವ ಭಾಗ) ಹಾರಿತು. ಅಲ್ಲಿ ರೋಲ್‌ಬ್ಯಾಕ್ ಇತ್ತು, ಎರಡೂ ಟೇಬಲ್ ಮೊದಲಿದ್ದ ಹಾಗೇ ಉಳಿದವು. ನನಗೆ ಇಷ್ಟು ಸಾಕು, ಗೆದ್ದದ್ದು ಇದೇ. ಕ್ಯಾಚ್ ಒಳಗೆ ಒಂದು ಸೂಕ್ಷ್ಮ ಇದೆ. ನಕಲು ನಂಬರ್ ಬಂದಾಗ ಮಾತ್ರ ಬಳಕೆದಾರರಿಗೆ ಬೇರೆ ಸಂದೇಶ ಕೊಡಬೇಕಿದ್ದರೆ 23000 ನೋಡಿದರೆ ಸಾಲದು. ಫಾರಿನ್ ಕೀ (ಬೇರೆ ಟೇಬಲ್‌ನ ಸಾಲಿಗೆ ಇರುವ ಕೊಂಡಿ) ತಪ್ಪಿದಾಗಲೂ ಅದೇ ಬರುತ್ತದೆ. 1062 ಇದೆಯಾ ಅಂತಲೇ ನೋಡಿ, ಉಳಿದದ್ದನ್ನು ಮತ್ತೆ ಥ್ರೋ ಮಾಡಿ.

ಇದರ ಅಪಾಯ ಬೇರೆ ಕಡೆ ಇದೆ. ಯಾರೂ ಹಿಡಿಯದ ಎಕ್ಸೆಪ್ಷನ್, ಜೊತೆಗೆ ಡಿಸ್‌ಪ್ಲೇ ಎರರ್ಸ್ ಆನ್ ಇದ್ದರೆ, ಟೇಬಲ್ ಹೆಸರು, ಫೈಲ್ ಪಾತ್ ಎಲ್ಲ ಸೈಟ್ ನೋಡುವವರ ಕಣ್ಣಿಗೆ ಬೀಳುತ್ತವೆ. ಕನೆಕ್ಷನ್ನೇ ಸಿಗದಿದ್ದರೆ ಯಾವ ಮೋಡ್ ಇಟ್ಟಿದ್ದರೂ ಎಕ್ಸೆಪ್ಷನ್ ಬಂದೇ ಬರುತ್ತದೆ. ಹಳೆಯ ಪಿಎಚ್‌ಪಿಯಲ್ಲಿ ಆ ಎಕ್ಸೆಪ್ಷನ್‌ನ ಸ್ಟ್ಯಾಕ್ ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಪಾಸ್‌ವರ್ಡ್ ಕೂಡ ಕಾಣಬಹುದು. 8.2ರಿಂದ ಅದನ್ನು ಮರೆಮಾಡುತ್ತಾರೆ. ಲೈವ್ ಸರ್ವರ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್, ಲಾಗ್ ಎರರ್ಸ್ ಆನ್. ಇದರಲ್ಲಿ ರಾಜಿ ಬೇಡ.

ಮೈಎಸ್‌ಕ್ಯೂಎಲ್‌ಐ (ಮೈಎಸ್‌ಕ್ಯೂಎಲ್‌ಗೆ ಮಾತ್ರ ಇರುವ ಪಿಎಚ್‌ಪಿ ಎಕ್ಸ್‌ಟೆನ್ಷನ್) ಬಳಸುವವರಿಗೆ ರಿಪೋರ್ಟ್ ಮೋಡ್‌ನಲ್ಲಿ ಎರರ್ ಮತ್ತು ಸ್ಟ್ರಿಕ್ಟ್ ಎರಡೂ ಸೇರಿದರೆ ಇದೇ ಫಲ. ರಿಪೋರ್ಟ್ ಆಲ್ ಮಾತ್ರ ಬೇಡ. ಅದರಲ್ಲಿ ಇಂಡೆಕ್ಸ್ ತಪಾಸಣೆಯೂ ಸೇರಿರುವುದರಿಂದ, ಇಂಡೆಕ್ಸ್ ಬಳಸದ ಸರಿಯಾದ ಕ್ವೆರಿಗೂ ಎಕ್ಸೆಪ್ಷನ್ ಎಸೆಯುತ್ತದೆ.

2020ರಲ್ಲಿ ಬಂದ ಪಿಎಚ್‌ಪಿ 8.0ರಿಂದ ಪಿಡಿಒದ ಡೀಫಾಲ್ಟೇ ಎಕ್ಸೆಪ್ಷನ್, ಮೈಎಸ್‌ಕ್ಯೂಎಲ್‌ಐಗೆ 8.1ರಿಂದ. ಆದರೂ ಕನೆಕ್ಷನ್ ಸಾಲಿನಲ್ಲೇ ಮೋಡ್ ಬರೆದಿಡಿ, ಕೋಡ್ ಯಾವ ಸರ್ವರ್‌ಗೆ ಹೋದರೂ ಒಂದೇ ಥರ ನಡೆಯುತ್ತದೆ. ಫಾಲ್ಸ್ ನಂಬಿಕೊಂಡ ಹಳೇ ಕೋಡ್ ಜಾಸ್ತಿ ಇದ್ದರೆ ಮೊದಲು ವಾರ್ನಿಂಗ್ ಹಾಕಿ. ಲಾಗ್‌ನಲ್ಲಿ ಬಿದ್ದ ಕ್ವೆರಿಗಳನ್ನು ಒಂದೊಂದಾಗಿ ಸರಿಮಾಡಿ, ಆಮೇಲೆ ಎಕ್ಸೆಪ್ಷನ್‌ಗೆ ಬದಲಿಸಿ.