ಎನ್‌ವಿಡಿಎ: ಒಂಬತ್ತು ವರ್ಷ ಕಿವಿಯಲ್ಲೇ ಓದಿದ ಮೇಲೆ

ಎಸ್ಸೆಸ್ಸೆಲ್ಸಿ ಮುಗಿದಾಗ, "ಕಣ್ಣು ಕಾಣದವನಿಗೆ ಕಂಪ್ಯೂಟರ್ ಏಕಪ್ಪಾ, ಕಲಾ ವಿಭಾಗ ತೆಗೆದುಕೊಂಡು ಮೇಷ್ಟ್ರಾಗು" ಎಂದವರೇ ಹೆಚ್ಚು. ಹಟಕ್ಕೆ ಬಿದ್ದು ಬಿಸಿಎ ಮಾಡಿದೆ. ಈಗ ಬೆಂಗಳೂರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಕಾಲೇಜಿನ ಮೊದಲ ವರ್ಷದಿಂದ ಇಲ್ಲಿಯವರೆಗೂ ನನ್ನ ಕಂಪ್ಯೂಟರಿಗೆ ಬಾಯಿ ಕೊಟ್ಟಿರುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ.

ದುಡ್ಡು ಕೊಡಬೇಕಿಲ್ಲ, ಇಷ್ಟವಿದ್ದರೆ ದೇಣಿಗೆ. 2006ರಲ್ಲಿ ಇದನ್ನು ಶುರುಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರಿಗೂ ಕಣ್ಣು ಕಾಣದು. ಬಹುಪಾಲು ಪೈಥಾನ್‌ನಲ್ಲೇ ಬರೆದದ್ದು ಎಂದು ತಿಳಿದ ದಿನವೇ ನಾನು ಯಾವ ಭಾಷೆ ಕಲಿಯಬೇಕೆಂಬುದು ತೀರ್ಮಾನವಾಯಿತು.

ಲ್ಯಾಬಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡುತ್ತಿರಲಿಲ್ಲ. ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಿದ್ದೆ. ವಿಂಡೋಸ್ ಅನುಮತಿ ಕೇಳುವ ಪರದೆ ಬಂದಾಗ ಮಾತ್ರ ಆ ಪ್ರತಿ ಮೌನ, ಪಕ್ಕದವರನ್ನು ಕರೆಯಬೇಕು. ಸ್ವಂತ ಲ್ಯಾಪ್‌ಟಾಪ್ ಇದ್ದರೆ ಪೂರ್ತಿ ಇನ್‌ಸ್ಟಾಲ್ ಮಾಡಿಕೊಳ್ಳಿ.

ಪೈಥಾನ್‌ನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೇ ಅರ್ಥವಿದೆ. ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೆ ಪ್ರೋಗ್ರಾಂ ಕೈಕೊಡುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಬೆರಳು ಮಡಿಸಿ ಸ್ಪೇಸ್ ಎಣಿಸುತ್ತಿದ್ದೆ. ಆಮೇಲೆ ಸೆಟ್ಟಿಂಗ್ಸ್ ಜಾಲಾಡುವಾಗ ಸಿಕ್ಕಿತು: ಈ ಜಾಗವನ್ನು ಮಾತಿನ ಬದಲು ಸ್ವರದಲ್ಲಿ ಹೇಳಿಸಬಹುದು. ಪ್ರತಿ ಸ್ಪೇಸ್‌ಗೂ ಸ್ವರ ಏರುತ್ತದೆ. ಒಂದು ಟ್ಯಾಬ್ ನಾಲ್ಕು ಸ್ಪೇಸ್‌ಗೆ ಸಮ. ಈಗ ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳ ಗುಂಪಿನೊಳಗೆ, ಇಳಿದರೆ ಸ್ವರ ಮೇಲೆ, ಹೊರಗೆ ಬಂದರೆ ಕೆಳಗೆ. ತಪ್ಪಿದ ಸಾಲು ಅಪಸ್ವರದಂತೆ ಕಿವಿಗೆ ಚುಚ್ಚುತ್ತದೆ. ಕಣ್ಣಿರುವ ಸಹೋದ್ಯೋಗಿಗಳಿಗಿಂತ ಮೊದಲು ನಾನು ಇಂಥ ತಪ್ಪು ಹಿಡಿದಿದ್ದೇನೆ. ಜಂಬವೆಂದುಕೊಳ್ಳಿ, ಪರವಾಗಿಲ್ಲ.

ಗಣಿತದ ಕಥೆ ಬೇರೆ. ಸೂತ್ರವು ಗಣಿತವನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆಯುವ ಮ್ಯಾಥ್‌ಎಂಎಲ್ ರೂಪದಲ್ಲಿದ್ದರೆ ಮ್ಯಾಥ್‌ಕ್ಯಾಟ್ ಎಂಬ ತಂತ್ರಾಂಶ ಅಂಶ ಯಾವುದು, ಛೇದ ಯಾವುದು ಎಂದು ಬಿಡಿಸಿ ಓದುತ್ತದೆ. ನಮಗೆ ಬರುತ್ತಿದ್ದದ್ದು ವಾಟ್ಸಾಪಿನಲ್ಲಿ ಕಪ್ಪುಹಲಗೆಯ ಫೋಟೋ. ರೀಡರಿಗೆ ಅದು ಬರೀ "ಗ್ರಾಫಿಕ್". ಗೆಳೆಯ ಫೋನಿನಲ್ಲಿ "ಎಕ್ಸ್ ಬೈ ವೈ ಪ್ಲಸ್ ಒಂದು" ಎಂದು ಓದಿದ. ಆ ಒಂದು ಗೆರೆಯ ಕೆಳಗಿತ್ತೋ, ಪಕ್ಕದಲ್ಲಿತ್ತೋ? ನಾನು ಪಕ್ಕದಲ್ಲಿಟ್ಟೆ. ಅಂಕ ಹೋಯಿತು.

ಕನ್ನಡಕ್ಕೆ ಬಂದರೆ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿರುವುದನ್ನೆಲ್ಲ ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಎಂಬ ದನಿ ತಂತ್ರಾಂಶ ಓದುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನ ಕಡತಗಳದ್ದೇ ಗೋಳು. ಒಮ್ಮೆ ಒಂದು ಕಚೇರಿಯಿಂದ ಉದ್ಯೋಗ ಪ್ರಕಟಣೆ ಬಂತು, ವಿಕಲಚೇತನರಿಗೆಂದೇ ಹೊರಡಿಸಿದ್ದು. ಅದರಲ್ಲಿದ್ದ "ಕನ್ನಡ" ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಓದಿಸಿದರೆ "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ರೀಡರಿನ ತಪ್ಪಲ್ಲ, ಆ ಫಾಂಟಿನಡಿ ಅಡಗಿರುವುದು ಲ್ಯಾಟಿನ್ ಅಕ್ಷರಗಳು ಮತ್ತು ಚಿಹ್ನೆಗಳ ಸಂಕೇತಗಳೇ. ಅರ್ಜಿಯ ಕೊನೆಯ ದಿನಾಂಕ ತಿಳಿಯಲು ತಂಗಿ ಟ್ಯೂಷನ್ ಮುಗಿಸಿ ಬರುವವರೆಗೂ ಕಾದೆ.

ದನಿ? ಅಪ್ಪಟ ಯಂತ್ರದ್ದು. ಆದರೆ ಎಷ್ಟು ವೇಗಕ್ಕೆ ಏರಿಸಿದರೂ ಅಕ್ಷರ ನುಂಗುವುದಿಲ್ಲ, ನನಗೆ ಅಷ್ಟು ಸಾಕು. ಅಮ್ಮನಿಗೆ ಅದು ಜೇನುಹುಳದ ಗುಂಯ್‌ಗುಡುವಿಕೆ. ಒಮ್ಮೆ ವೇಗ ಇಳಿಸಿ ಕನ್ನಡ ಸುದ್ದಿ ಕೇಳಿಸಿದೆ. ಎರಡು ಸಾಲು ಕೇಳಿ, "ಪಾಪ, ಇವನಿಗೆ ನೆಗಡಿಯೇನೋ?" ಎಂದರು.