ಕೊಡಗಿನಿಂದ ಆಸ್ಟ್ರೋಸ್ಯಾಟ್ ಹಿಂಬಾಲಿಸಲು ಯಾವುದು ಮೇಲು: ಬೈನಾಕ್ಯುಲರೋ, ಕ್ಯಾಮೆರಾವೋ?

ಭಾರತದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ30 ರಾಕೆಟ್ಟಿನಲ್ಲಿ ಮೇಲೇರಿತು. ಐದು ವರ್ಷ ದುಡಿಯಲೆಂದು ಕಟ್ಟಿದ ಉಪಗ್ರಹ. 2018ರಲ್ಲಿ ಅದರ ನೇರಳಾತೀತ ದೂರದರ್ಶಕದ ಒಂದು ಚಾನಲ್ ಕೈಕೊಟ್ಟಿತು; ಆದರೂ ಹತ್ತು ವರ್ಷ ದಾಟಿ ಬಂದಿದೆ. ಹಿಂಬಾಲಿಸುವುದೆಂದರೆ ಇಲ್ಲಿ, ಲೆಕ್ಕ ಹೇಳಿದ ಹೊತ್ತಿಗೂ ಅದು ನಿಜಕ್ಕೂ ಹಾದುಹೋದ ಹೊತ್ತಿಗೂ ಎಷ್ಟು ವ್ಯತ್ಯಾಸ ಎಂದು ಅಳೆಯುವುದು.

ಸಮಭಾಜಕಕ್ಕೆ ಅದರ ಕಕ್ಷೆಯ ಓರೆ 6 ಡಿಗ್ರಿ, ಎತ್ತರ ಸುಮಾರು 650 ಕಿ.ಮೀ. ಮಡಿಕೇರಿ ಇರುವುದು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಅದು ನಮ್ಮ ನೆತ್ತಿಯ ಮೇಲೆ ಎಂದೂ ಹಾಯುವುದಿಲ್ಲ. ದಕ್ಷಿಣದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ, ಸುಮಾರು 105 ನಿಮಿಷಕ್ಕೊಮ್ಮೆ ಹಾದುಹೋಗುತ್ತದೆ. ಒಳ್ಳೆಯ ಸುತ್ತಿನಲ್ಲಿ 38 ಡಿಗ್ರಿ ಮೇಲೇರುತ್ತದೆ; ಕೆಟ್ಟ ಸುತ್ತಿನಲ್ಲಿ 7-8 ಡಿಗ್ರಿ ಅಷ್ಟೇ, ಅದು ಬೆಟ್ಟಕ್ಕೋ ಸಿಲ್ವರ್ ಓಕ್ ಸಾಲಿಗೋ ಮರೆಯಾಗುತ್ತದೆ. ಎತ್ತರದ ಸುತ್ತುಗಳು ದಿನಕ್ಕೆ ಅರ್ಧ ಗಂಟೆಯಷ್ಟು ಬೇಗ ಬರುತ್ತವೆ. ಆದ್ದರಿಂದ ಸಂಜೆಗೆ ಒದಗುವ ಹನ್ನೆರಡು ದಿನಗಳ ಒಳ್ಳೆಯ ಅವಧಿ ಸುಮಾರು 45 ದಿನಕ್ಕೊಮ್ಮೆ ಬರುತ್ತದೆ. ಆಗಲೂ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ ಕಾಣುತ್ತದೆ. ಆಮೇಲೆ ಭೂಮಿಯ ನೆರಳು ಅದನ್ನು ನಡು ಆಕಾಶದಲ್ಲೇ ನುಂಗುತ್ತದೆ.

ಸಾಧನ ಆರಿಸುವ ಮೊದಲು ಒಂದು ವಿಷಯ ಮನದಟ್ಟಾಗಬೇಕು. ಹಳೆಯ ಉಪಗ್ರಹದ ಲೆಕ್ಕ ತಪ್ಪುವುದು ಮುಖ್ಯವಾಗಿ ಅಡ್ಡಕ್ಕಲ್ಲ, ಅದು ಓಡುವ ದಾರಿಯುದ್ದಕ್ಕೆ. ತೆಳು ಗಾಳಿಯ ಎಳೆತವನ್ನು, ಕಕ್ಷೆಯ ವಿವರ ಕೊಡುವ ಎರಡು ಸಾಲಿನ ಅಂಕಿಪಟ್ಟಿಯಾದ ಟಿಎಲ್‌ಇ ಸ್ವಲ್ಪ ತಪ್ಪಾಗಿ ಊಹಿಸಿದ್ದರೂ ಆ ತಪ್ಪು ದಿನಗಳ ವರ್ಗದಂತೆ ಬೆಳೆಯುತ್ತದೆ: ಎರಡು ದಿನಕ್ಕೆ ನಾಲ್ಕು ಪಟ್ಟು, ಏಳು ದಿನಕ್ಕೆ ನಲವತ್ತೊಂಬತ್ತು ಪಟ್ಟು. ಊಹಿಸಿದ್ದಕ್ಕಿಂತ ಎಳೆತ ಹೆಚ್ಚಾದರೆ ಉಪಗ್ರಹ ತಡವಾಗುವುದಿಲ್ಲ, ಬೇಗ ಬರುತ್ತದೆ. ಕೆಳಗಿಳಿದ ಕಕ್ಷೆ ಚಿಕ್ಕದು, ಸುತ್ತು ಬೇಗ ಮುಗಿಯುತ್ತದೆ. ಅದರ ವೇಗ ಸೆಕೆಂಡಿಗೆ 7.5 ಕಿ.ಮೀ. ಅಂದರೆ ನಮಗೆ ಬೇಕಾದದ್ದು ಒಳ್ಳೆಯ ಗಡಿಯಾರ, ಲೆನ್ಸ್ ಎರಡನೆಯದು.

ಈ ದೃಷ್ಟಿಯಿಂದ ನೋಡಿದರೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಬಾಯಿಯ) ಬೈನಾಕ್ಯುಲರ್ ಮತ್ತು ಗುಂಡಿಯಿರುವ ಸ್ಟಾಪ್‌ವಾಚ್ ಸುಲಭಕ್ಕೆ ಸೋಲುವ ಜೋಡಿಯಲ್ಲ. ಸೆಲೆಸ್‌ಟ್ರ್ಯಾಕ್ ಜಾಲತಾಣದಿಂದ 40930 ಸಂಖ್ಯೆಯ (ಉಪಗ್ರಹ ಪಟ್ಟಿಯಲ್ಲಿ ಆಸ್ಟ್ರೋಸ್ಯಾಟ್‌ನ ಸಂಖ್ಯೆ) ಟಿಎಲ್‌ಇಯನ್ನು ನೆಟ್‌ವರ್ಕ್ ಇರುವಾಗಲೇ ಇಳಿಸಿಕೊಂಡು ಜಿಪ್ರೆಡಿಕ್ಟ್ ಅಥವಾ ಸ್ಟೆಲೇರಿಯಂ ತಂತ್ರಾಂಶಕ್ಕೆ ಹಾಕಿ. ದಾರಿಯ ಎರಡೂ ಬದಿಗೆ ಒಂದೊಂದು ನಕ್ಷತ್ರ ಬರುವಂಥ ಜೋಡಿಯನ್ನು ಆರಿಸಿಕೊಳ್ಳಿ, ನಡುವಿನ ಅಂತರ ಎರಡು ಡಿಗ್ರಿ ಮೀರದಿರಲಿ. ಫೆಬ್ರವರಿಯಲ್ಲಿ ಅಗಸ್ತ್ಯನ ಸುತ್ತಮುತ್ತ, ಮೇ ಸಂಜೆ ಮೋಡವಿಲ್ಲದಿದ್ದರೆ ತ್ರಿಶಂಕುವಿನ ಬಳಿ ಇಂಥ ಜೋಡಿಗಳು ಸಿಗುತ್ತವೆ. ಚುಕ್ಕೆ ಆ ಎರಡನ್ನು ಸೇರಿಸುವ ಗೆರೆ ದಾಟಿದ ಕ್ಷಣ ಗುಂಡಿ ಒತ್ತಿ. ಮೇಲಿನ ನಕ್ಷತ್ರದಿಂದ ಎಷ್ಟನೇ ಪಾಲಿನಲ್ಲಿ ದಾಟಿತು, 0.3ರಲ್ಲೋ 0.4ರಲ್ಲೋ, ಜೋರಾಗಿ ಹೇಳಿ ರೆಕಾರ್ಡ್ ಮಾಡಿ. ಆಮೇಲೆ ಜಿಪಿಎಸ್ ಸಮಯದ ಪೂರ್ಣ ನಿಮಿಷಕ್ಕೆ ವಾಚ್ ನಿಲ್ಲಿಸಿ ಹಿಂದಕ್ಕೆ ಲೆಕ್ಕ ಹಾಕಿ. ಟಿವಿ ಪರದೆಯ ಗಡಿಯಾರ ಬೇಡ, ಅದು ಸೆಕೆಂಡುಗಟ್ಟಲೆ ಹಿಂದೆ ಇರುತ್ತದೆ. ಕೈಯ ತಡ 0.2 ಸೆಕೆಂಡ್ ಎಂದುಕೊಂಡರೆ ತಪ್ಪು ಒಂದೂವರೆ ಕಿ.ಮೀ. ಸಾವಿರ ಕಿ.ಮೀ. ದೂರದ ವಸ್ತುವಿಗೆ ಇದು ಮೆಚ್ಚಬೇಕಾದ ಅಳತೆ.

ಕ್ಯಾಮೆರಾ ಕಾಗದದ ಮೇಲೆ ಬಹಳ ಮುಂದೆ. ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್) ಕ್ಯಾಮೆರಾ, 50 ಮಿ.ಮೀ. ಎಫ್/1.8 ಲೆನ್ಸ್ ಇದ್ದರೆ ಒಂದು ಪಿಕ್ಸೆಲ್‌ಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು). ಫೋಟೋದಲ್ಲಿ ಉಪಗ್ರಹ ಎಳೆದ ಗೆರೆಯ ತುದಿಯನ್ನು ಎರಡು ಪಿಕ್ಸೆಲ್‌ನೊಳಗೆ ಗುರುತಿಸಿದರೆ ತಪ್ಪು 150 ಮೀಟರ್. ಆಸ್ಟಪ್ ತಂತ್ರಾಂಶ ನಕ್ಷತ್ರಗಳನ್ನು ತಾನೇ ಗುರುತಿಸಿ ಸ್ಥಾನ ಕೊಡುತ್ತದೆ, ಇಂಟರ್ನೆಟ್ ಕೂಡ ಬೇಡ. ಆದರೆ ಫೋಟೋದ ಸಮಯ ಕ್ಯಾಮೆರಾದ ಒಳಗಿನ ಗಡಿಯಾರದ್ದು, ಹಲವು ಕ್ಯಾಮೆರಾಗಳಲ್ಲಿ ಪೂರ್ಣ ಸೆಕೆಂಡಿಗಷ್ಟೇ ದಾಖಲಾಗುತ್ತದೆ. ಒಂದು ಸೆಕೆಂಡ್ ಆಚೀಚೆಯಾದರೆ ಆ 150 ಮೀಟರಿಗೆ ಅರ್ಥವಿಲ್ಲ. ಇದಕ್ಕೆ ಮದ್ದು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್. ಅದರ ಎಲ್‌ಇಡಿ ಪ್ರತಿ ಸೆಕೆಂಡಿನ ಆರಂಭಕ್ಕೆ ಸರಿಯಾಗಿ ಮಿನುಗುತ್ತದೆ. ಎಲ್‌ಇಡಿಯನ್ನು ಲೆನ್ಸಿನ ಅಂಚಿಗೆ ಮಂಕಾಗಿ ಕಾಣುವಂತೆ ಕಟ್ಟಿ, ಫೋಟೋ ಬದಲು ಸೆಕೆಂಡಿಗೆ 25 ಫ್ರೇಮಿನ ವಿಡಿಯೋ ತೆಗೆದರೆ ಪ್ರತಿ ಫ್ರೇಮಿಗೂ 0.04 ಸೆಕೆಂಡಿನ ನಿಖರತೆ ಸಿಗುತ್ತದೆ.

ಚುಕ್ಕೆ ಮಂಕಾದರೆ ಎಕ್ಸ್‌ಪೋಷರ್ ಹೆಚ್ಚಿಸುವುದು ಎಲ್ಲರೂ ಮಾಡುವ ಕೆಲಸ. ಉಪಯೋಗವಿಲ್ಲ. ಉಪಗ್ರಹ ಸೆಕೆಂಡಿಗೆ 0.4 ಡಿಗ್ರಿ ಜಾರುತ್ತಿರುವಾಗ ಒಂದು ಪಿಕ್ಸೆಲ್ ಮೇಲೆ ಅದರ ಬೆಳಕು ಬೀಳುವುದು ನೂರನೇ ಒಂದು ಸೆಕೆಂಡ್ ಮಾತ್ರ. ಉಳಿದ ಹೊತ್ತೆಲ್ಲ ತುಂಬಿಕೊಳ್ಳುವುದು ಆಕಾಶದ ಬೆಳಕು. ಗೆರೆ ಎದ್ದು ಕಾಣಬೇಕಾದರೆ ಲೆನ್ಸಿನ ಬಾಯಿ ದೊಡ್ಡದಾಗಬೇಕು. 50 ಮಿ.ಮೀ. ಎಫ್/1.8ರ ಬಾಯಿ 28 ಮಿ.ಮೀ.; ಬೈನಾಕ್ಯುಲರಿನದ್ದು 50.

ಕೊಡಗಿನ ಹವೆ ಕ್ಯಾಮೆರಾದ ಪರವಾಗಿಲ್ಲ. ಡಿಸೆಂಬರ್-ಫೆಬ್ರವರಿಯ ತಿಳಿ ಆಕಾಶವೇ ಇಬ್ಬನಿಯ ಕಾಲವೂ ಹೌದು. ಬಿಸಿಪಟ್ಟಿ ಸುತ್ತದಿದ್ದರೆ ಲೆನ್ಸ್ ಬೇಗ ಮಸುಕಾಗುತ್ತದೆ, ಪರದೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ಮಂಜಿನ ನಡುವೆ ಕಿಂಡಿ ತೆರೆದರೆ ಬೈನಾಕ್ಯುಲರ್ ತಕ್ಷಣ ಆ ಕಡೆಗೆ ತಿರುಗುತ್ತದೆ, ಟ್ರೈಪಾಡ್ ತಿರುಗುವಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ನೆಲ ಸಪಾಟು. ಕ್ಯಾಮೆರಾಗೆ ಮಡಿಕೇರಿಗಿಂತ ಅದೇ ವಾಸಿ. ತೋಟದಲ್ಲಾದರೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ, ದೀಪ ಆರಿಸಿದರೆ ಸಾಕು. ಆನೆ ಓಡಾಡುವ ತೋಟದಂಚಿಗೆ ಕತ್ತಲಲ್ಲಿ ಹೋಗಬೇಡಿ, ಮನೆಯ ತಾರಸಿ ಸಾಕು.

ಹೆವೆನ್ಸ್-ಅಬವ್‌ನಂಥ ಆ್ಯಪ್ ಯಾವಾಗ, ಎಲ್ಲಿ ನೋಡಬೇಕು ಎಂದು ಹೇಳುತ್ತದೆ. ಅಳತೆ ಅದರ ಕೆಲಸವಲ್ಲ. ರೇಡಿಯೋ ದಾರಿ ಮನೆಮಟ್ಟದ್ದಲ್ಲ. ಆಸ್ಟ್ರೋಸ್ಯಾಟ್ ದತ್ತಾಂಶ ಇಳಿಸುವುದು ಎಕ್ಸ್-ಬ್ಯಾಂಡ್ ಎಂಬ ಎತ್ತರದ ಆವರ್ತನದಲ್ಲಿ, ಅದಕ್ಕೆ ತಿರುಗುವ ಡಿಶ್ ಬೇಕು.

ಹೊಸಬರು ಬೈನಾಕ್ಯುಲರಿನಿಂದಲೇ ಶುರು ಮಾಡಲಿ, ಮೊದಲ ಗುರಿ ಹಬಲ್ ಬಾಹ್ಯಾಕಾಶ ದೂರದರ್ಶಕ ಆಗಲಿ. 1990ರ ಹಬಲ್ ಆಸ್ಟ್ರೋಸ್ಯಾಟ್‌ಗಿಂತ ದೊಡ್ಡದು, ಪ್ರಕಾಶವೂ ಹೆಚ್ಚು; ಕಕ್ಷೆಯ ಓರೆ 28.5 ಡಿಗ್ರಿ ಇರುವುದರಿಂದ ನಮ್ಮ ನೆತ್ತಿಯವರೆಗೂ ಬರುತ್ತದೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಕೊನೆಯ ದುರಸ್ತಿ ಯಾನ ಹೋದದ್ದು 2009ರಲ್ಲಿ. ಇನ್ನೂ ಕೆಳಗಿನ ಕಕ್ಷೆಯಾದ್ದರಿಂದ ಗಾಳಿಯ ಎಳೆತ ಜಾಸ್ತಿ. ಒಂದು ವಾರ ಹಳೆಯ ಟಿಎಲ್‌ಇ ಇಟ್ಟುಕೊಂಡು ಅಳೆದರೆ ಸೂರ್ಯ ಕೆರಳಿದ ದಿನಗಳಲ್ಲಿ ಹಲವು ಸೆಕೆಂಡುಗಳ ವ್ಯತ್ಯಾಸ ಸ್ಟಾಪ್‌ವಾಚಿನಲ್ಲೇ ಸಿಕ್ಕಿಬಿಡುತ್ತದೆ.